ಎಷ್ಟು ಅಂತ ಬರೆದುಕೊಳ್ಳಲಿ?

ಅಂಕ ಎಷ್ಟು ಬಂತು ಎಂದು ಕೇಳಿದರೆ, ಬಂದ ಅಂಕವನ್ನೇ ಹೇಳುವವರೂ ಈ ಲೋಕದಲ್ಲಿದ್ದಾರೆ. ಕಾಲೇಜಿನ ಪ್ರವೇಶ ವಿಭಾಗದ ಕಿಟಕಿಯ ಹಿಂದೆ ಕೂತವನಿಗೆ ಅಂಥವರು ಸಿಗುವುದು ಅಪರೂಪ. ಸಿಕ್ಕ ದಿನ ಅವನಿಗೆ ಸ್ವಲ್ಪ ಗಾಬರಿಯಾಗುತ್ತದೆ. ಉಳಿದ ದಿನಗಳಲ್ಲಿ ಆಗುವುದು ಬರೀ ಬೆರಗು. ಒಂದೇ ಅಂಕಪಟ್ಟಿಯಿಂದ ಮನುಷ್ಯ ಎಷ್ಟು ಬಗೆಯ ಅಂಕ ತೆಗೆಯಬಲ್ಲ ಎಂಬುದನ್ನು ನಾನು ವರ್ಷ ವರ್ಷವೂ ಕಣ್ಣಾರೆ ಕಂಡು ಮನಸ್ಸಿನಲ್ಲೇ ಕೈಮುಗಿದಿದ್ದೇನೆ. ಅದರಲ್ಲೂ ಒಂದು ವರ್ಷ ಮರೆಯುವಂಥದ್ದಲ್ಲ.

ಆಗ ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ನಮ್ಮ ಇಂಜಿನಿಯರಿಂಗ್ ಕಾಲೇಜು ದೊಡ್ಡಬಳ್ಳಾಪುರದ ಹೊರಗೆ, ಅಲ್ಲಿಯವರೆಗೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಎದ್ದು ನಿಂತಿತ್ತು. ವಿಮಾನ ತಲೆಯ ಮೇಲೆ ಹೋಗುವಾಗ ಮೇಷ್ಟರು ಪಾಠ ನಿಲ್ಲಿಸುತ್ತಿದ್ದರು. ವಿಮಾನ ನಿಲ್ದಾಣದಿಂದ ತಾಲ್ಲೂಕಿಗೆ ಆದ ಮೊದಲ ಲಾಭ ಇದೇ ಎಂದು ಹುಡುಗರು ತೀರ್ಮಾನಿಸಿದ್ದರು.

ಆ ವರ್ಷ ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಕಂಪ್ಯೂಟರ್ ಸೈನ್ಸ್‌ನ ಒಂದು ಸೀಟನ್ನು ತಾಲ್ಲೂಕಿನ ಒಬ್ಬ ವಿದ್ಯಾರ್ಥಿಗೆ ನಾಲ್ಕೂ ವರ್ಷ ಉಚಿತವಾಗಿ ಕೊಡುವುದಾಗಿ ಹೇಳಿದರು. ಸಿಇಟಿ ರ‍್ಯಾಂಕ್ ಯಾರದು ಚೆನ್ನಾಗಿದೆಯೋ ಅವರಿಗೆ. ಅಷ್ಟಕ್ಕೇ ನಿಂತಿದ್ದರೆ ಈ ಲೇಖನಕ್ಕೆ ವಿಷಯ ಇರುತ್ತಿರಲಿಲ್ಲ. ಅಧ್ಯಕ್ಷರು ಅದೇ ವಾರ ಬೆಂಗಳೂರಿನಲ್ಲಿ ಯಾರದೋ ಭಾಷಣ ಕೇಳಿ ಬಂದಿದ್ದರು. ಹೊರದೇಶಗಳಲ್ಲಿ ಮಕ್ಕಳು ತಮ್ಮ ಅಂಕವನ್ನು ತಾವೇ ಬರೆದು ಕಳಿಸುತ್ತಾರಂತೆ, ಕಾಲೇಜಿನವರು ನಂಬುತ್ತಾರಂತೆ.

"ನಾವೂ ನಂಬೋಣ," ಅಂದರು ಅಧ್ಯಕ್ಷರು.

ಹೀಗಾಗಿ ಅರ್ಜಿಯ ಜೊತೆ ಅಂಕಪಟ್ಟಿ ಕೇಳುವ ಹಾಗಿಲ್ಲ. ಅವರು ಬರೆದದ್ದನ್ನು ನಂಬಿ ಮೊದಲ ಹತ್ತು ಜನರ ಪಟ್ಟಿ ಮಾಡಬೇಕು. ಆ ಹತ್ತು ಜನ ಮಾತ್ರ ಮೂಲ ಪ್ರತಿ ತಂದು ತೋರಿಸಬೇಕು. ಪ್ರಿನ್ಸಿಪಾಲರು ನನ್ನನ್ನು ಕರೆದು, "ಯಾರು ಏನು ಹೇಳಿದರೂ ಬರೆದುಕೊಳ್ಳಿ. ಮುಖದಲ್ಲಿ ಏನೂ ತೋರಿಸಬೇಡಿ," ಅಂದರು. ನನ್ನ ಮುಖದಲ್ಲಿ ಮದುವೆಯ ದಿನವೂ ಏನೂ ತೋರಿರಲಿಲ್ಲ ಎಂದು ಮನೆಯಲ್ಲಿ ಇವತ್ತಿಗೂ ದೂರಿದೆ. ಕೆಲಸ ನನಗೇ ಬಂತು.

೧. ಎರಡು ಬೆಲೆ

ಮೊದಲ ದಿನವೇ ಬಂದವಳು ತೂಬಗೆರೆಯ ಒಬ್ಬ ಹುಡುಗಿ. ಜೊತೆಗೆ ಅವಳ ಸೋದರಮಾವ. ಅವರು ದೊಡ್ಡಬಳ್ಳಾಪುರದಲ್ಲಿ ಜಮೀನಿನ ದಲ್ಲಾಳಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎರಡು ಮೊಬೈಲು. ಆ ಕಾಲಕ್ಕೆ ನಮ್ಮ ಕಡೆ ಒಂದೇ ಮೊಬೈಲು ಇದ್ದವನನ್ನು ಯಾರೂ ಜಮೀನು ತೋರಿಸಲು ಕರೆಯುತ್ತಿರಲಿಲ್ಲ.

ಹುಡುಗಿ ಕೇಳಿದ ಮೊದಲ ಪ್ರಶ್ನೆ ಬಸ್ಸಿನದು. "ಸಾರ್, ನಮ್ಮೂರಿನ ಬಸ್ಸು ಬರೋದೇ ಒಂಬತ್ತೂಕಾಲಿಗೆ. ಕ್ಲಾಸು ಒಂಬತ್ತಕ್ಕಾ?"

ಸೀಟು ಸಿಗುವ ಮೊದಲೇ ತಡವಾಗಿ ಬರುವುದಕ್ಕೆ ಅನುಮತಿ ಕೇಳಿದವರನ್ನು ನಾನು ನೋಡಿದ್ದು ಅದೇ ಮೊದಲು. ಒಂಬತ್ತೂವರೆಗೆ ಎಂದೆ. ಅವಳ ಮುಖ ಅರಳಿತು.

ಮಾವ ವಿಷಯ ಬಿಡಿಸಿ ಹೇಳಿದರು. "ಇವರಪ್ಪ ಊರ ಹಾಲಿನ ಡೇರೀಲಿ ಕೆಲಸ ಮಾಡೋದು ಸಾರ್. ಫೀಸು ಕಟ್ಟಿ ಓದ್ಸಕ್ಕಾಗಲ್ಲ. ಬೆಂಗಳೂರಲ್ಲಿ ಕಮ್ಮಿ ಫೀಸಿನ ಸೀಟು ಸಿಗಬೋದು, ಆದ್ರೆ ಹಾಸ್ಟೆಲ್ ಅಂದ್ರೆ ಇವರಜ್ಜಿ ಊಟ ಬಿಡ್ತಾರೆ. ಇದೊಂದ್ ಸೀಟು ಸಿಕ್ರೆ ಇಂಜಿನಿಯರು. ಇಲ್ದಿದ್ರೆ ಪೇಟೇಲಿ ಬಿ.ಎಸ್ಸಿ."

ಹುಡುಗಿ, "ಸಾರ್, ನನ್ನ ರ‍್ಯಾಂಕು..." ಎಂದು ಬಾಯಿ ತೆರೆದಳು.

"ಸುಮ್ನಿರಮ್ಮ," ಅಂದರು ಮಾವ. "ರೇಟು ಮೊದ್ಲೇ ಬಿಡಬಾರ್ದು."

ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಹುಡುಗಿ ಖಾಲಿ ಅರ್ಜಿಗೆ ಸಹಿ ಹಾಕಿ, ಉಳಿದದ್ದನ್ನು ಮಾವನಿಗೆ ಬಿಟ್ಟು ಓಡಿದಳು. ಮಾವ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕಿಟಕಿಯೊಳಗೆ ತಲೆ ತೂರಿಸಿ, ಮೆಲ್ಲಗೆ ಕೇಳಿದರು:

"ಸಾರ್, ಇದ್ರಲ್ಲಿ ಯಾವುದು ಬರೀಬೇಕು? ಗೈಡೆನ್ಸ್ ವ್ಯಾಲ್ಯೂನಾ, ಮಾರ್ಕೆಟ್ ವ್ಯಾಲ್ಯೂನಾ?"

ಜಮೀನು ಮಾರುವಾಗ ನೋಂದಣಿ ಕಚೇರಿಯಲ್ಲಿ ಬರೆಸುವ ಬೆಲೆ ಒಂದು, ಕೈಗೆ ಬರುವ ಬೆಲೆ ಇನ್ನೊಂದು. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ತಾಲ್ಲೂಕಿನಲ್ಲಿ ಎರಡು ಬೆಲೆ ಇಲ್ಲದ ವಸ್ತು ಉಳಿದಿರಲಿಲ್ಲ. ಅಂಕಪಟ್ಟಿಗೆ ಒಂದೇ ಬೆಲೆ ಎಂದು ನಾನು ವಿವರಿಸಿದೆ. ಅವರು ನನ್ನನ್ನು ಬಹಳ ಕನಿಕರದಿಂದ ನೋಡಿದರು.

"ಹೊಸಬ್ರಾ ಸಾರ್ ಈ ಕಡೆಗೆ?"

೨. ಹತ್ತಿರ

ಮಾರನೆಯ ದಿನ ಒಬ್ಬ ತಂದೆ ಬಂದರು. ಪೇಟೆಯಲ್ಲಿ ಮಗ್ಗ ಇಟ್ಟವರು. ಮಗ ಪಕ್ಕದಲ್ಲಿ ನಿಂತು ಸೀಲಿಂಗ್ ಫ್ಯಾನನ್ನು ಅಧ್ಯಯನ ಮಾಡುತ್ತಿದ್ದ. ಅರ್ಜಿಯಲ್ಲಿ ಪಿಯುಸಿಯ ಶೇಕಡಾವಾರು ಅಂಕಕ್ಕೂ ಒಂದು ಜಾಗವಿತ್ತು.

"ಎಷ್ಟು ಅಂತ ಬರೆದುಕೊಳ್ಳಲಿ?"

"ತೊಂಬತ್ತರ ಹತ್ರ ಬರ್ಕೊಳಿ ಸಾರ್."

"ಹತ್ತಿರ ಅಂತ ಬರೆಯೋ ಹಾಗಿಲ್ಲ. ಅಂಕಿ ಬೇಕು."

"ಎಂಬತ್ತಕ್ಕೆ ಏನೂ ಮೋಸ ಇಲ್ಲ."

"ಎಂಬತ್ತು ಅಂತ ಬರೆಯಲಾ?"

"ಅಷ್ಟೊಂದು ಗಟ್ಟಿಯಾಗಿ ಬರೀಬೇಡಿ. ಎಪ್ಪತ್ತು ಅನ್ನಿ. ಎಪ್ಪತ್ತರ ಅಕ್ಕಪಕ್ಕ."

ನಾನು ಪೆನ್ನು ಎತ್ತಿ ಹಿಡಿದು ಕಾದೆ. ಮುಖದಲ್ಲಿ ಏನೂ ತೋರಿಸಲಿಲ್ಲ. ನನ್ನ ಆ ಮುಖಕ್ಕೆ ಕೆಲವರು ಹೆದರುತ್ತಾರೆಂದು ನನಗೆ ಗೊತ್ತಾದದ್ದು ಆಗಲೇ. ಕೊನೆಗೆ ಮಗ ಫ್ಯಾನಿನಿಂದ ಕಣ್ಣು ತೆಗೆಯದೆ, "ಅರವತ್ತೆರಡು," ಅಂದ.

ತಂದೆ ಸ್ವಲ್ಪವೂ ವಿಚಲಿತರಾಗಲಿಲ್ಲ. ಕಿಟಕಿಯಾಚೆ ಕೈ ತೋರಿಸಿದರು. ರಸ್ತೆಯ ಆ ಬದಿಯ ಹೊಲದಲ್ಲಿ ಹೊಸ ಬಡಾವಣೆಯ ದೊಡ್ಡ ಫಲಕವಿತ್ತು: 'ವಿಮಾನ ನಿಲ್ದಾಣಕ್ಕೆ ಹತ್ತೇ ನಿಮಿಷ'.

"ಅಲ್ಲಿಂದ ಹೊರಟ್ರೆ ನಂಗೆ ದೇವನಹಳ್ಳಿ ಮುಟ್ಟಕ್ಕೇ ಮುಕ್ಕಾಲು ಗಂಟೆ ಬೇಕು ಸಾರ್. ಅದನ್ನ ಯಾರೂ ಕೇಳಲ್ಲ. ಅದಕ್ಕೆ ಹೋಲಿಸ್ಕೊಂಡ್ರೆ ಅರವತ್ತೆರಡು ತೊಂಬತ್ತಕ್ಕೆ ಎಷ್ಟೋ ಹತ್ರ."

ನಾನು ಅರವತ್ತೆರಡು ಎಂದು ಬರೆದುಕೊಂಡೆ. ಅವರು ಹೋದ ಮೇಲೂ ಬಹಳ ಹೊತ್ತು ಆ ಫಲಕವನ್ನೇ ನೋಡುತ್ತಾ ಕೂತಿದ್ದೆ. ಅಲ್ಲಿ ನನ್ನದೂ ಒಂದು ಸೈಟು ಇತ್ತು.

೩. ಟವೆಲ್

ಒಂದೇ ಊರಿನ ಇಬ್ಬರು ಹುಡುಗರು ಬೇರೆ ಬೇರೆ ದಿನ ಬಂದು ಅರ್ಜಿ ಕೊಟ್ಟರು. ಸಂಜೆ ಕೂತು ಜೋಡಿಸುವಾಗ ನೋಡಿದರೆ ಇಬ್ಬರದೂ ಒಂದೇ ರ‍್ಯಾಂಕು. ಕೊನೆಯ ಅಂಕಿಯವರೆಗೂ ಒಂದೇ.

ರಾಜ್ಯಕ್ಕೆಲ್ಲ ಆ ರ‍್ಯಾಂಕು ಒಬ್ಬನಿಗೇ ಬರುವುದು. ಸಂದೇಹಪಡುವ ಹಾಗಿಲ್ಲ ಎಂದು ಆಜ್ಞೆಯಿದ್ದರೂ, ಇಬ್ಬರನ್ನು ನಂಬುವುದಕ್ಕೆ ಒಂದು ರ‍್ಯಾಂಕು ಸಾಲುತ್ತಿರಲಿಲ್ಲ. ಮೊದಲು ಬಂದಿದ್ದವನನ್ನು ಕರೆಸಿದೆ.

"ಇದು ನಿನ್ನದೇನಪ್ಪಾ?"

"ಇಬ್ರದೂ ಸಾರ್."

"ಅದು ಹೇಗೆ?"

"ಒಟ್ಗೇ ಓದಿದ್ದು ಸಾರ್. ಒಂದೇ ಬುಕ್ಕು, ಒಂದೇ ಗೈಡು, ನಮ್ಮನೆ ಮಹಡೀಲೇ. ಕಾಫಿ ನಮ್ಮಮ್ಮಂದು. ಎಕ್ಸಾಮಲ್ಲಿ ಅವನಿಗೆ ಬಂತು, ಅಷ್ಟೇ."

ಈ ವಾದದಲ್ಲಿ ತಾಯಿಯ ಕಾಫಿಗೆ ಇದ್ದ ಪಾಲನ್ನು ನಾನು ಅಲ್ಲಗಳೆಯಲಾರದೆ ಹೋದೆ. ಆದರೂ ಕೇಳಿದೆ: "ಅವನಿಗೆ ಬಂದದ್ದನ್ನ ನೀನು ಮೊದಲೇ ಬಂದು ಬರೆದುಕೊಟ್ಟರೆ ಹೇಗಪ್ಪಾ?"

ಅವನು ನನಗಿಂತ ಹೆಚ್ಚು ಆಶ್ಚರ್ಯಪಟ್ಟ. ಘಾಟಿ ಜಾತ್ರೆಯ ಬಸ್ಸಿಗೆ ಜನ ಹತ್ತುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಪದ್ಧತಿ ನಮ್ಮ ಕಡೆ ಇದೆ. ಟವೆಲ್ ಬಿದ್ದ ಸೀಟಿನ ಮೇಲೆ ಯಾರೂ ತಕರಾರು ಮಾಡುವಂತಿಲ್ಲ.

"ಅವ್ನು ಬರೋದು ಲೇಟಾಯ್ತಲ್ಲ ಸಾರ್," ಅಂದ ಹುಡುಗ. "ನಾನು ಟವೆಲ್ ಹಾಕಿದ್ದೆ."

ಆಮೇಲೆ ತಿಳಿದ ಸಂಗತಿಯೆಂದರೆ, ಆ ರ‍್ಯಾಂಕು ಇನ್ನೊಬ್ಬನದೂ ಆಗಿರಲಿಲ್ಲ. ಅವರಿಬ್ಬರಿಗೂ ಪಾಠ ಹೇಳಿಕೊಟ್ಟಿದ್ದ ಟ್ಯೂಷನ್ ಮೇಷ್ಟರ ತಂಗಿಯ ಮಗನದಂತೆ. ಅವನು ಹುಬ್ಬಳ್ಳಿಯಲ್ಲಿದ್ದ.

೪. ತಾಯಿಯ ಬಾಯಿ

ಇಷ್ಟೆಲ್ಲ ನೋಡಿದ ಮೇಲೆ ಸತ್ಯ ಕೇಳಬೇಕೆಂದು ಮನಸ್ಸು ಹಂಬಲಿಸುತ್ತಿತ್ತು. ಅದೂ ಬಂತು, ಎಚ್ಚರಿಕೆಯನ್ನೇ ಕೊಡದೆ.

ಒಬ್ಬ ಹುಡುಗ ಪಿಯುಸಿಯಲ್ಲಿ ಎಪ್ಪತ್ನಾಲ್ಕು ಎಂದು ಬರೆದು ಅರ್ಜಿಯನ್ನು ನನ್ನ ಕಡೆ ತಳ್ಳಿದ. ಹಿಂದೆ ನಿಂತಿದ್ದ ತಾಯಿ ಅದನ್ನು ಮಧ್ಯದಲ್ಲೇ ಹಿಡಿದರು. "ಯಾಕ್ಲಾ, ಹಿಂದುಮುಂದು ಬರ್ದಿದೀಯ? ನಲವತ್ತೇಳು ಸಾರ್ ಇವಂದು."

ಹುಡುಗ, "ಅಮ್ಮಾ," ಅಂದ.

"ಏನು ಅಮ್ಮಾ? ನಂಬ್ತೀವಿ ಅಂತ ಕೂತವ್ರೆ ಪಾಪ. ಗಣಿತ ಎರಡನೇ ಸಲ ಪಾಸಾಗಿದ್ದು ಸಾರ್, ಅದನ್ನೂ ಬರ್ಕೊಳಿ. ಎಂಟನೇ ಕ್ಲಾಸಲ್ಲಿ ಸೈಕಲ್ ಅಂಗಡೀಲಿ ಕೂತಿರ್ತಿದ್ದ, ಇಸ್ಕೂಲಿಗೇ ಹೋಗ್ತಿರ್ಲಿಲ್ಲ. ಇವತ್ತು ತಲೆಗೆ ಹಾಕಿರೋ ಎಣ್ಣೇನೂ ಪಕ್ಕದ ಮನೇದು."

"ಇಷ್ಟು ಸಾಕಮ್ಮ," ಅಂದೆ. ಅರ್ಜಿಯಲ್ಲಿ ಎಣ್ಣೆಗೆ ಜಾಗವಿರಲಿಲ್ಲ.

ಅವರು ನಿಟ್ಟುಸಿರು ಬಿಟ್ಟು ಹೊರಟರು. ನಾಲ್ಕು ಹೆಜ್ಜೆ ಹೋದವರು ಏನೋ ನೆನಪಾದಂತೆ ವಾಪಸ್ಸು ಬಂದರು. ನನ್ನ ಕಂಪ್ಯೂಟರಿನ ಕಡೆ ನೋಡಿ ದನಿ ತಗ್ಗಿಸಿದರು.

"ಸಾರ್, ಇದ್ರಲ್ಲಿ ಹಳೇದೂ ಸಿಗುತ್ತಾ? ಇವರಪ್ಪ ನಮ್ಮ ಮದುವೆ ಮಾತುಕತೇಲಿ ಪಿಯುಸಿ ಪಾಸು ಅಂದಿದ್ರು. ಹಂಗೇ ಒಂದ್ಸಲ ನೋಡ್ಬಿಡಿ."

೫. ಮೂಲ ಪ್ರತಿ

ಹತ್ತು ಜನರ ಪಟ್ಟಿಯನ್ನು ಬರಿಯ ಹೆಸರುಗಳೊಂದಿಗೆ ಫಲಕಕ್ಕೆ ಹಚ್ಚಿದೆವು. ಮೊದಲ ಹೆಸರಿನವನ ರ‍್ಯಾಂಕು ಮೂರು. ರಾಜ್ಯಕ್ಕೇ ಮೂರನೆಯವನು ನಮ್ಮ ತಾಲ್ಲೂಕಿನಲ್ಲಿದ್ದಾನೆಂಬ ಸುದ್ದಿ ಅದುವರೆಗೆ ಯಾವ ಪತ್ರಿಕೆಗೂ ತಲುಪಿರಲಿಲ್ಲ. ಅಧ್ಯಕ್ಷರು ಅವನಿಗೆ ಹಾಕಲು ಒಂದು ಶಾಲು ತರಿಸಿಟ್ಟರು.

ತೂಬಗೆರೆಯ ಹುಡುಗಿಯ ಹೆಸರು ಅದರಲ್ಲಿರಲಿಲ್ಲ. ಅವಳ ಅರ್ಜಿಯಲ್ಲಿದ್ದ ರ‍್ಯಾಂಕು ನಲವತ್ತೆರಡು ಸಾವಿರದ ನೂರು. ಎಲ್ಲರಿಗಿಂತ ಕೆಳಗಿದ್ದ ಒಂದಿಬ್ಬರಲ್ಲಿ ಅವಳೂ ಒಬ್ಬಳು. ಅದನ್ನು ಕಂಡಾಗ ನನಗೆ, ಪರವಾಗಿಲ್ಲ, ಆ ದಲ್ಲಾಳಿ ಮಾವ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಾರೆ, ಅನ್ನಿಸಿ ಗೌರವ ಹುಟ್ಟಿತ್ತು.

ಹುಡುಗಿ ಬಂದು ಪಟ್ಟಿ ಓದಿದಳು. ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ. ಆಮೇಲೆ ಕಿಟಕಿಯ ಹತ್ತಿರ ಬಂದಳು.

"ನಮ್ ತಾಲ್ಲೂಕಲ್ಲಿ ಹತ್ತು ಜನ ನಂಗಿಂತ ಚೆನ್ನಾಗಿ ಮಾಡಿದಾರೆ ಅಂದ್ರೆ ಒಳ್ಳೇದೇ ಅಲ್ವಾ ಸಾರ್," ಅಂದಳು. "ಬಿ.ಎಸ್ಸಿ.ಗೆ ಇನ್ನೂ ಅರ್ಜಿ ತಗೋತಿರ್ತಾರಾ?"

ತಗೋತಾರೆ ಎಂದೆ. ಬಸ್ಸಿನ ಹೊತ್ತಾಯಿತೆಂದು ಹೋದಳು. ಅಷ್ಟು ಹಿಂದಿನ ರ‍್ಯಾಂಕಿನ ಹುಡುಗಿಗೆ ಇಷ್ಟು ದೊಡ್ಡ ಮನಸ್ಸೇ ಎಂದು ನಾನು ಬೆರಗಾದೆ. ಆ ಬೆರಗು ತಪ್ಪು ಲೆಕ್ಕದ ಮೇಲೆ ನಿಂತಿತ್ತು, ಅದು ಬೇರೆ ಮಾತು.

ಮೂಲ ಪ್ರತಿಯ ದಿನ ಬಂತು. ಕರೆದ ಹತ್ತು ಜನರಲ್ಲಿ ಅರ್ಧ ಜನ ಬರಲೇ ಇಲ್ಲ. ಒಬ್ಬನ ಅಂಕಪಟ್ಟಿ ಲ್ಯಾಮಿನೇಷನ್‌ಗೆ ಹೋಗಿತ್ತು. ಇನ್ನೊಬ್ಬರ ಮನೆಯಲ್ಲಿ ಅದನ್ನು ದೇವರ ಮುಂದೆ ಇಟ್ಟುಬಿಟ್ಟಿದ್ದರು, ಹಬ್ಬದವರೆಗೆ ತೆಗೆಯುವಂತಿರಲಿಲ್ಲ. ರ‍್ಯಾಂಕು ಮೂರರವನು ಮಾತ್ರ ಧೈರ್ಯವಾಗಿ ಬಂದ, ಅಪ್ಪನ ಜೊತೆಗೆ. ಪತ್ರ ನೋಡಿದರೆ ಎಪ್ಪತ್ತು ಸಾವಿರದಾಚೆ.

"ಮೂರು ಅಂತ ಬರೆದಿದ್ದೀಯಲ್ಲಪ್ಪಾ?" ಅಂದರು ಪ್ರಿನ್ಸಿಪಾಲರು.

"ನಮ್ ಕಾಲೇಜಿಗೆ ಮೂರನೇದು ಸಾರ್. ರಾಜ್ಯಕ್ಕೆ ಎಷ್ಟು ಅಂತ ಇದ್ರಲ್ಲಿ ಎಲ್ಲೂ ಕೇಳಿಲ್ಲ."

ಪ್ರಿನ್ಸಿಪಾಲರು ಅರ್ಜಿಯನ್ನು ತಾವೇ ಓದಿ ನೋಡಿದರು. ನಿಜ, ಕೇಳಿರಲಿಲ್ಲ.

"ನಿಮ್ಮ ಕಾಲೇಜಿಂದ ಎಷ್ಟು ಜನ ಸಿಇಟಿ ಬರೆದಿದ್ರು?"

"ಮೂರು ಜನ," ಅಂದರು ತಂದೆ, ಹೆಮ್ಮೆಯಿಂದಲೇ. ಅವರ ಕಣ್ಣು ಶಾಲಿನ ಮೇಲಿತ್ತು.

೬. ತಿದ್ದುಪಡಿ

ಮಧ್ಯಾಹ್ನದ ಹೊತ್ತಿಗೆ ಉಳಿದವರಲ್ಲಿ ಮೇಲಿದ್ದ ನಿಜವಾದ ರ‍್ಯಾಂಕು ಹತ್ತೊಂಬತ್ತು ಸಾವಿರ ಚಿಲ್ಲರೆ. ಆ ಹುಡುಗನಿಗೇ ಸೀಟು ಎಂದು ಪ್ರಿನ್ಸಿಪಾಲರು ಬರೆಯಲು ಹೊರಟಿದ್ದರು. ಆಗ ಬಾಗಿಲಲ್ಲಿ ತೂಬಗೆರೆ ಹುಡುಗಿಯ ಮಾವ ನಿಂತಿದ್ದರು. ನನ್ನ ಕಣ್ಣೆದುರೇ ಎರಡೂ ಮೊಬೈಲುಗಳನ್ನು ಒಂದಾದ ಮೇಲೊಂದರಂತೆ ಸ್ವಿಚ್ ಆಫ್ ಮಾಡಿದರು. ಆ ವರ್ಷಗಳಲ್ಲಿ ನಮ್ಮ ತಾಲ್ಲೂಕಿನ ದಲ್ಲಾಳಿಯೊಬ್ಬ ಹಗಲು ಹೊತ್ತಿನಲ್ಲಿ ಹಾಗೆ ಮಾಡಿದರೆ, ಯಾರೋ ತೀರಿಕೊಂಡಿದ್ದಾರೆಂದೇ ಅರ್ಥ. ನಾನು ಎದ್ದು ನಿಂತೆ.

"ಮಗು ಹೆಸ್ರು ಯಾಕೆ ಬರ್ಲಿಲ್ಲ ಅಂತ ನಂಗೊತ್ತು ಸಾರ್," ಅಂದರು.

"ಯಾಕೆ?"

"ಗೊತ್ತಿದ್ದೂ ಕೇಳ್ಬೇಡಿ. ನೀವು ಕಂಡ್‌ಹಿಡಿದ್ಬಿಟ್ರಿ. ಅವತ್ತು ನಿಮ್ಮ ಮುಖ ನೋಡಿದಾಗ್ಲೇ ಅನ್ಕೊಂಡೆ, ಇವ್ರ ಹತ್ರ ನಡಿಯಲ್ಲ ಅಂತ."

ನಾವು ಏನನ್ನೂ ಕಂಡುಹಿಡಿದಿರಲಿಲ್ಲ. ಆದರೆ ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎಲ್ಲ ಗೊತ್ತಿರುವವರ ಹಾಗೆ ತಲೆಯಾಡಿಸಿದರು. "ಹೇಳಿ," ಅಂದರು.

"ತಪ್ಪು ನಂದು. ಮಗೂಗೆ ಏನೂ ಗೊತ್ತಿಲ್ಲ. 'ಏನ್ ಬರೆದ್ರಿ ಮಾವಾ' ಅಂತ ಕೇಳ್ತು, 'ಇದ್ದಿದ್ದೇ ಬರ್ದೆ ಕಣವ್ವಾ' ಅಂದೆ. ನಿನ್ನೆ ಪಟ್ಟಿ ನೋಡ್ಕೊಂಡ್ ಬಂದು, ಗೋಡೆ ಕಡೆ ತಿರುಗಿ ಮಲಗಿರೋದು ಇನ್ನೂ ಎದ್ದಿಲ್ಲ." ಅವರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. "ನಂಗೇನಾದ್ರೂ ಶಿಕ್ಷೆ ಕೊಡಿ ಸಾರ್. ಕಾಲೇಜಿನ ಮುಂದೆ ನಿಲ್ಸಿ. ಮಗೂದು ಅರ್ಜಿ ಮಾತ್ರ ಇನ್ನೊಂದ್ಸಲ ನೋಡಿ."

"ಏನು ಮಾಡಿದ್ರಿ, ಅದನ್ನ ಹೇಳಿ."

"ಜಾಸ್ತಿ ಮಾಡ್ದೆ ಸಾರ್."

"ಏನನ್ನ?"

"ರ‍್ಯಾಂಕನ್ನ."

ಮೇಲೆ ಒಂದು ವಿಮಾನ ಹೋಯಿತು. ಅದು ಹೋಗಿ ಮುಗಿಯುವಷ್ಟರಲ್ಲಿ ನಾನು ಹುಡುಗಿಯ ಅರ್ಜಿಯನ್ನು ಹುಡುಕಿ ಮೇಜಿನ ಮೇಲಿಟ್ಟೆ.

"ನಾಲ್ಕು ಸಾವಿರದ ಇನ್ನೂರ ಹತ್ತು ಅಂತಿತ್ತು ಸಾರ್," ಅವರು ಮುಂದುವರಿಸಿದರು. "ನೋಡಕ್ಕೆ ತೀರಾ ಬಡವಾಗಿ ಕಾಣ್ತು. ನಮ್ಮ ಪಕ್ಕದ ಮನೆಯವ್ನ ಮಗಂಗೆ ಎಂಬತ್ತೈದು ಸಾವಿರ ಬಂದೈತೆ. ಅವ್ರು ಬೀದಿಗೆಲ್ಲ ಹೇಳ್ಕೊಂಡ್ ತಿರುಗ್ತಾವ್ರೆ. ಹಗ್ಲೂ ರಾತ್ರಿ ಓದಿದ ಮಗೂದು ನಾಲ್ಕು ಸಾವ್ರ ಅಂದ್ರೆ ಯಾರಾದ್ರೂ ಕಣ್ಣೆತ್ತಿ ನೋಡ್ತಾರಾ ಅನ್ನಿಸ್ತು. ಕೈ ತಡೀಲಿಲ್ಲ. ಕೊನೇಲಿ ಒಂದು ಸೊನ್ನೆ ಹಾಕ್ದೆ. ದೇವರಾಣೆಗೂ ಬೇರೆ ಯಾವ ಅಂಕೀನೂ ಮುಟ್ಟಿಲ್ಲ. ಸೊನ್ನೆಗೆ ಬೆಲೆ ಇಲ್ಲ ಅಂತ ನಮ್ ಮೇಷ್ಟ್ರೇ ಹೇಳ್ಕೊಟ್ಟಿದ್ರು."

ಚೀಲದಿಂದ ಮೂಲ ಪ್ರತಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟರು. "ಇಳಿಸ್ಬಿಡಿ ಸಾರ್. ನಾಲ್ಕು ಸಾವಿರಕ್ಕೇ ಇಳಿಸ್ಬಿಡಿ. ಅಷ್ಟಕ್ಕೆ ಸೀಟು ಬರಲ್ಲ ಅಂದ್ರೆ ಬ್ಯಾಡ. ನನ್ ಸುಳ್ಳಿಂದ ಸೀಟು ತಪ್ತು ಅಂತ ಮಗೂಗೆ ಗೊತ್ತಾಗ್ಬಾರ್ದು."

ಆ ಕಿಟಕಿಯ ಹಿಂದೆ ನಾನು ಕಳೆದ ಅಷ್ಟೂ ವರ್ಷಗಳಲ್ಲಿ, ಲಾಭಕ್ಕೆ ಸುಳ್ಳು ಹೇಳಿ ನಷ್ಟಕ್ಕೆ ಸಿಕ್ಕಿಬಿದ್ದವರನ್ನು ಬೇಕಾದಷ್ಟು ನೋಡಿದ್ದೇನೆ. ಸ್ವಂತ ಖರ್ಚಿನಲ್ಲಿ ನಷ್ಟದ ಸುಳ್ಳು ಹೇಳಿ, ಸೀಟು ಹೋದರೂ ಹೋಗಲಿ ಎಂದು ಲಾಭದ ಸತ್ಯ ಒಪ್ಪಿಕೊಂಡವರು ಇವರೊಬ್ಬರೇ. ಪ್ರಿನ್ಸಿಪಾಲರು ಕನ್ನಡಕ ಹಾಕಿಕೊಂಡು ಪತ್ರವನ್ನು ಓದಿದರು, ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಓದಿದರು. ಆಮೇಲೆ ಅಧ್ಯಕ್ಷರಿಗೆ ಫೋನು ಮಾಡಿ ಎಲ್ಲ ಹೇಳಿದರು. ತಾವಾಗಿ ಬಂದು ತಪ್ಪು ಒಪ್ಪಿಕೊಂಡವರನ್ನು ತಿದ್ದಿಕೊಳ್ಳಲು ಬಿಡಬೇಕು, ನಂಬುವುದು ಎಂದರೆ ಅದೇ ಎಂದು ಆ ಕಡೆಯಿಂದ ಉತ್ತರ ಬಂತು. ಫೋನಿನಾಚೆ ಅವರು ಕಣ್ಣೊರೆಸಿಕೊಂಡರೆಂದು ಪ್ರಿನ್ಸಿಪಾಲರ ಅಂದಾಜು.

"ಇಳಿಸಿ," ಅಂದರು ನನಗೆ. ನಾನು ಸೊನ್ನೆ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದೆ. "ನಿಮ್ಮ ಹುಡುಗೀಗೆ ಹೇಳಿ, ಸೋಮವಾರ ಒಂಬತ್ತೂವರೆಗೆ ಕ್ಲಾಸು. ಸೀಟು ಅವಳದೇ."

ಮಾವ ಅಲ್ಲಾಡಲಿಲ್ಲ. "ಕಮ್ಮಿ ಮಾಡಿದ್ಮೇಲೆ ಕೊಟ್ರಾ?"

ಪ್ರಿನ್ಸಿಪಾಲರು ಸಮಾಧಾನದಿಂದ ತಿಳಿಸಿ ಹೇಳಿದರು. ರ‍್ಯಾಂಕು ಅಂದರೆ ಅಂಕವಲ್ಲ, ಸಾಲು. ಬೆಳಿಗ್ಗೆ ಡೇರಿಯ ಮುಂದೆ ಕ್ಯಾನು ಹಿಡಿದು ನಿಲ್ಲುತ್ತಾರಲ್ಲ, ಹಾಗೆ. ಮುಂದೆ ನಿಂತವನ ನಂಬರು ಚಿಕ್ಕದು. ನಂಬರು ಚಿಕ್ಕದಾದಷ್ಟೂ ಒಳ್ಳೆಯದು.

ಮಾವನಿಗೆ ಆಗ ಅರ್ಥವಾಯಿತು. ಪಕ್ಕದ ಮನೆಯವನ ಎಂಬತ್ತೈದು ಸಾವಿರ ನೆನಪಾಗಿರಬೇಕು, ಮುಖದಲ್ಲಿ ನಿಧಾನವಾಗಿ ಒಂದು ಶಾಂತಿ ಹರಡಿತು. ಇಬ್ಬರಿಗೂ ಕೈಮುಗಿದರು. ಬಾಗಿಲವರೆಗೆ ಹೋಗಿ ಎರಡೂ ಮೊಬೈಲು ಆನ್ ಮಾಡಿದರು. ಅಲ್ಲೇ ನಿಂತು ಏನನ್ನೋ ಲೆಕ್ಕ ಹಾಕಿ, ಹಿಂದಿರುಗಿ ಬಂದು, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಸಾರ್, ಆ ಕೊನೇಲಿ ಇನ್ನೂ ಒಂದು ಸೊನ್ನೆ ಉಳ್ಕಂಡೈತಲ್ಲ. ಹೆಂಗೂ ಪೆನ್ನು ಕೈಲೈತೆ, ಅದನ್ನೂ ತೆಗೆದ್ಬಿಡಿ."